ಅಲಿಸಮ್ ಗಿಡ ಕೀಳಬೇಡಿ, ಕತ್ತರಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸಂಕ್ರಾಂತಿ ಕಳೀತಿದ್ದಂಗೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಕಸದ ಗಾಡಿ ಬಂದಾಗೆಲ್ಲ ನಂಗೆ ಸಂಕಟ ಆಗುತ್ತೆ, ಯಾಕಂದ್ರೆ ಅದರೊಳಗೆ ಬೇರು ಸಮೇತ ಕಿತ್ತಾಕಿರೋ ಅಲಿಸಮ್ ಗಿಡ ಕಾಣುತ್ತೆ. ದೀಪಾವಳಿ ಟೈಮಲ್ಲಿ ನರ್ಸರಿಯಿಂದ ಆಸೆಪಟ್ಟು ತಂದು ನೆಟ್ಟಿರ್ತಾರೆ, ಎರಡು ತಿಂಗಳು ನೆಲಕ್ಕೆ ಬಿಳಿ ಹಾಸಿದಂಗೆ ಹೂ ಬಿಡುತ್ತೆ, ಆಮೇಲೆ ಕಡ್ಡಿ ಉದ್ದ ಆಗಿ ಚಪ್ಪಟೆ ಕಾಯಿ ಕಟ್ಟಿದ ತಕ್ಷಣ ಗಿಡ ಮುಗೀತು ಅಂದ್ಕೊಂಡು ಕೀಳ್ತಾರೆ. ಮುಗಿದಿರಲ್ಲ. ಕತ್ತರಿ ತಗೊಂಡು ಅರ್ಧಕ್ಕೆ ಕತ್ತರಿಸಿ ಒಂದು ಚೊಂಬು ನೀರು ಹಾಕಿದ್ರೆ ಎರಡು ಮೂರು ವಾರಕ್ಕೆ ಮತ್ತೆ ಮೊಗ್ಗು. ನಾನು ಹೀಗೇ ಮಾಡಿ ಮಾರ್ಚ್ ತನಕ ಹೂ ನೋಡ್ತೀನಿ.

ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ ಇದು ಮೆಡಿಟರೇನಿಯನ್ ಸಮುದ್ರದ ಕಡೆಯ ಗಿಡ, ನಮ್ಮ ಸಾಸಿವೆ, ಕೋಸು, ಮೂಲಂಗಿ ಕುಟುಂಬದ್ದೇ. ಹೂವನ್ನ ಕಣ್ಣ ಹತ್ರ ಹಿಡಿದು ನೋಡಿ, ಸಾಸಿವೆ ಹೂವಿನ ಥರಾನೇ ನಾಲ್ಕು ಎಸಳು, ಆದರೆ ಅಕ್ಕಿನುಚ್ಚಿನಷ್ಟು ಪುಟ್ಟದು. ಗಿಡ ಗೇಣುದ್ದ ಮೀರಲ್ಲ, ಅಗಲಕ್ಕೆ ಹಬ್ಬಿ ಗುಲಾಬಿ ಕುಂಡದ ಅಂಚಿಂದ ಕೆಳಗೆ ಇಳಿಬೀಳುತ್ತೆ, ಕುಂಡದ ಮಣ್ಣಿಗೆ ನೇರ ಬಿಸಿಲು ಬೀಳದೆ ತೇವಾನೂ ಬೇಗ ಆರಲ್ಲ. ವಾಸನೆ ಅಂತೂ ಜೇನಿಂದು. ಮೊದಲನೇ ವರ್ಷ ನಮ್ಮತ್ತೆ ಜಗಲಿ ಮೇಲೆ ಕೂತು 'ಏನಮ್ಮ, ಇಲ್ಲೆಲ್ಲೋ ಜೇನುತುಪ್ಪ ಚೆಲ್ಲಿದೀಯಾ' ಅಂತ ಕೇಳಿದ್ರು, ಈಗ ಸಾಯಂಕಾಲ ಕುರ್ಚಿನ ಆ ಕುಂಡದ ಪಕ್ಕಾನೇ ಹಾಕಿಸ್ಕೊಳ್ತಾರೆ.

ಬೀಜ ಸಾಸಿವೆಗಿಂತ ಸಣ್ಣದು. ಮಣ್ಣೊಳಗೆ ಮುಚ್ಚಬಾರದು, ಮೊಳಕೆಗೆ ಬೆಳಕು ಬೇಕು, ಮೇಲೆ ಉದುರಿಸಿ ಅಂಗೈಯಲ್ಲಿ ಒತ್ತಿ ನೀರು ಚಿಮುಕಿಸಿದ್ರೆ ವಾರ ಹತ್ತು ದಿನದಲ್ಲಿ ಬರುತ್ತೆ. ದಸರಾ ಕಳೆದ ಮೇಲೆ ಹಾಕೋದು ಒಳ್ಳೇದು. ನಮ್ಮ ಕೆಂಪು ಮಣ್ಣಿಗೆ ಸ್ವಲ್ಪ ಹಳೇ ಕೊಟ್ಟಿಗೆ ಗೊಬ್ಬರ ಸಾಕು, ಜಾಸ್ತಿ ಗೊಬ್ಬರ ಸುರಿದ್ರೆ ಬರೀ ಸೊಪ್ಪು. ನೀರು ನಿಂತ್ರೆ ಮಾತ್ರ ಬುಡ ಕೊಳೆಯುತ್ತೆ.

ತರಕಾರಿ ಬೆಳೆಯೋರಿಗೂ ಒಂದು ಮಾತು. ಈ ಹೂವಿಗೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲೋ ಹಳದಿ ಪಟ್ಟೆ ನೊಣ ಬರ್ತಾವೆ, ಅವುಗಳ ಮರಿಹುಳ ಗಿಡದ ಹೇನನ್ನ ತಿಂತಾವೆ. ಕ್ಯಾಲಿಫೋರ್ನಿಯಾದಲ್ಲಿ ಲೆಟಿಸ್ ಬೆಳೆಯೋ ರೈತರು ಇದಕ್ಕೇ ಅಂತ ಬೆಳೆ ಮಧ್ಯೆ ಅಲಿಸಮ್ ನೆಡ್ತಾರೆ. ನಮ್ಮ ಕ್ಯಾಪ್ಸಿಕಂ, ಟೊಮೆಟೊ ತೋಟದ ಬದಿಗೂ ನಾಲ್ಕು ಸಾಲು ಹಾಕಿ ನೋಡಬಹುದಲ್ವಾ.

ಇನ್ನು ಪಾರ್ಕುಗಳ ವಿಷಯ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ದು, ಬೋರ್‌ವೆಲ್ ನೀರನ್ನ ಹುಲ್ಲುಹಾಸಿಗೆ ಸುರಿಯೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಚಳಿಗಾಲಕ್ಕಾದ್ರೂ ದಾರಿ ಅಂಚಿಗೆ ಇದನ್ನ ಹಾಕ್ಲಿ. ನಮ್ಮ ಬಡಾವಣೆ ಪಾರ್ಕಲ್ಲಿ ಹೋದ ವರ್ಷ ಹಾಕಿದ್ರು, ಜನವರಿಯಲ್ಲೇ ಪೂರ್ತಿ ಕಿತ್ತು ಗುಡ್ಡೆ ಹಾಕಿದ್ರು, ಆ ಗುಡ್ಡೆ ಮೇಲೂ ಜೇನುನೊಣ ಕೂತಿದ್ವು.

ದಯವಿಟ್ಟು ನಿಮ್ಮ ತೋಟದ ಪುಟದಲ್ಲಿ ಸಂಕ್ರಾಂತಿಗೆ ಮುಂಚೆನೇ ಇದನ್ನ ಹಾಕಿ, ಈ ಸಲ ಒಂದಿಷ್ಟು ಗಿಡನಾದ್ರೂ ಉಳೀಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು, ಚಿಕ್ಕಬಳ್ಳಾಪುರ