ಸ್ಟ್ರಾಂಗ್ ರೂಮಿಗೆ ಕೀಲಿಕೈ ಎರಡು

ಮಾನ್ಯ ಸಂಪಾದಕರೇ,

ದಾವಣಗೆರೆಯ ಬ್ಯಾಂಕ್ ಶಾಖೆಯಲ್ಲಿ ಅರಳುವ ಪ್ರೇಮಕಥೆ ಎಂದು ಬೆನ್ನುಪುಟದಲ್ಲಿ ಅಚ್ಚು ಹಾಕಿಸಿಕೊಂಡು ಬಂದ ಕಾದಂಬರಿಯೊಂದನ್ನು ಊರಿನ ಓದುಗರು ಆಸೆಪಟ್ಟು ಕೊಂಡರು, ಕೈಯಿಂದ ಕೈಗೆ ದಾಟಿಸಿ ಓದಿದರು. ಓದಿ ಮುಗಿಸಿದ ಮೇಲೆ ಉಳಿದದ್ದು ಬೇಸರ. ಹೆಸರು ಹೇಳುತ್ತಿಲ್ಲ, ಏಕೆಂದರೆ ಇದೇ ಅಚ್ಚಿನ ಕಾದಂಬರಿಗಳು ಈಗ ಒಂದರ ಹಿಂದೊಂದು ಬರುತ್ತಿವೆ. ಪ್ರೀತಿ ಹೆಚ್ಚಾಯಿತು ಎಂಬ ತಕರಾರು ನಮಗಿಲ್ಲ. ಕಚೇರಿಯ ಪ್ರೇಮ ಎಂದು ಕರೆದು ಕಚೇರಿಯ ಕೆಲಸವನ್ನು ಹಿಂದಿನ ಪರದೆಯ ಚಿತ್ರದಂತೆ ತೂಗುಹಾಕಿದ್ದಾರಲ್ಲ, ಸಂಕಟವಾಗುವುದು ಅದಕ್ಕೆ. ಬ್ಯಾಂಕಿನ ಕೆಲಸ ಬಲ್ಲವರಾಗಿ ಈ ಪತ್ರ ಬರೆಯುತ್ತಿದ್ದೇವೆ.

ಕಾದಂಬರಿಯ ಮುಖ್ಯ ದೃಶ್ಯವನ್ನೇ ನೋಡಿ. ರಾತ್ರಿ ಎಂಟು ಗಂಟೆ. ಮ್ಯಾನೇಜರ್ ಜೇಬಿನಿಂದ ಕೀಲಿಕೈ ತೆಗೆದು ಸ್ಟ್ರಾಂಗ್ ರೂಮ್ ಬಾಗಿಲು ತೆರೆಯುತ್ತಾನೆ, ಕ್ಯಾಶಿಯರ್ ಹುಡುಗಿ ಹಿಂದೆ ಬರುತ್ತಾಳೆ, ಕರೆಂಟ್ ಹೋಗುತ್ತದೆ. ಯಾವ ಬ್ಯಾಂಕಿನಲ್ಲೂ ಆ ಬಾಗಿಲು ಒಬ್ಬರ ಕೈಗೆ ತೆರೆಯುವುದಿಲ್ಲ. ಅದು ಜಾಯಿಂಟ್ ಕಸ್ಟಡಿ. ಒಂದು ಕೀಲಿಕೈ ಕ್ಯಾಶ್ ನೋಡಿಕೊಳ್ಳುವವರ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರೂ ಬಂದು ನಿಂತು, ತಂತಮ್ಮದನ್ನು ತಿರುಗಿಸಿದರಷ್ಟೇ ಬಾಗಿಲು. ಒಳಗಿನ ಕ್ಯಾಶ್ ಸೇಫಿಗೂ ಇದೇ ಪದ್ಧತಿ, ಚಿನ್ನದ ಸಾಲದ ಪೊಟ್ಟಣಗಳಿಗೂ ಇದೇ. ರಜೆ ಹಾಕುವವರು ಕೀಲಿಕೈಯನ್ನು ಡ್ರಾಯರಿನಲ್ಲಿಟ್ಟು ಹೋಗುವಂತಿಲ್ಲ. ಕೊಟ್ಟವರು, ಪಡೆದವರು ಇಬ್ಬರೂ ಕೀ ರಿಜಿಸ್ಟರಿನಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಡೂಪ್ಲಿಕೇಟ್ ಕೀಲಿಕೈಗಳು ಅದೇ ಶಾಖೆಯಲ್ಲಿ ಇರುವುದೇ ಇಲ್ಲ, ಮೊಹರು ಮಾಡಿ ಬೇರೆಡೆ ಇಟ್ಟಿರುತ್ತಾರೆ.

ಇದನ್ನು ತಾಂತ್ರಿಕ ತಪ್ಪು ಎಂದು ತಳ್ಳಿಹಾಕಬಾರದು. ಕೈಗೆ ಬಂದಿದ್ದ ಕಥೆಯನ್ನೇ ಲೇಖಕರು ಇಲ್ಲಿ ಬಿಟ್ಟಿದ್ದಾರೆ. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಒಬ್ಬರಿಗಾಗಿ ಇನ್ನೊಬ್ಬರು ಕಾಯಲೇಬೇಕಾದ ಕೆಲಸ ಅದು. ಹರಿಹರದಿಂದ ಬರುವ ಬಸ್ ತಡವಾದರೆ ಅವಳ ಕೀಲಿಕೈ ಅವಳ ಬ್ಯಾಗಿನಲ್ಲೇ ಇರುತ್ತದೆ, ಅವನು ತನ್ನದನ್ನು ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ, ಹೊರಗೆ ಮಂಡಿಪೇಟೆಯ ವ್ಯಾಪಾರಸ್ಥರು ಚಲನ್ ಬರೆದುಕೊಂಡು ಗಡಿಯಾರ ನೋಡುತ್ತಿರುತ್ತಾರೆ. ಸಂಜೆ ಮತ್ತೆ ಅದೇ ಬಾಗಿಲು, ಅದೇ ಇಬ್ಬರು. ಹೀಗೆ ತಿಂಗಳುಗಟ್ಟಲೆ ನಡೆದರೆ ಒಬ್ಬರ ಹೆಜ್ಜೆ ಸದ್ದು ಇನ್ನೊಬ್ಬರಿಗೆ ಗೊತ್ತಾಗದೇ ಇರುತ್ತದೆಯೇ? ಕರೆಂಟ್ ಹೋಗಬೇಕಾದ ಅಗತ್ಯವೇ ಇರಲಿಲ್ಲ.

ಎರಡನೆಯದು ಕ್ಯಾಶ್ ಶಾರ್ಟ್ ಬಂದ ಪ್ರಸಂಗ. ಒಂದು ಸಂಜೆ ನಾಯಕಿಯ ಕೌಂಟರಿನಲ್ಲಿ 27,000 ರೂಪಾಯಿ ಕಡಿಮೆ ಬರುತ್ತದೆ. ಮೂರು ಅಧ್ಯಾಯ ಅವಳು ಅಳುತ್ತಾಳೆ. ಕೊನೆಗೆ ಮ್ಯಾನೇಜರ್ ಯಾರಿಗೂ ಹೇಳದೆ ತನ್ನ ಹಣ ತಂದು ಪೆಟ್ಟಿಗೆ ತುಂಬುತ್ತಾನೆ, ಅವಳಿಗೆ ಪ್ರೀತಿ ಹುಟ್ಟುತ್ತದೆ.

ಕ್ಯಾಶಿನಲ್ಲಿ ಆರು ತಿಂಗಳು ಕೂತವರು 27,000 ಎಂಬ ಅಂಕಿ ಕೇಳಿದ ಕೂಡಲೇ ಅಳುವುದಿಲ್ಲ, ಒಂಬತ್ತರಿಂದ ಭಾಗಿಸುತ್ತಾರೆ. ಶೇಷವಿಲ್ಲದೆ ಭಾಗವಾದರೆ ಮೊದಲ ಅನುಮಾನ ಅಂಕಿ ಹಾಕಿದ ಬೆರಳಿನ ಮೇಲೆ, ಏಕೆಂದರೆ ಸೊನ್ನೆ ಬಿಟ್ಟುಹೋದರೂ ಅಂಕಿ ಅದಲುಬದಲಾದರೂ ಬರುವ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. 30,000 ಪಾವತಿ ಮಾಡಿ ಕಂಪ್ಯೂಟರಿನಲ್ಲಿ ಒಂದು ಸೊನ್ನೆ ಬಿಟ್ಟು 3,000 ಎಂದು ಹಾಕಿದ್ದರೆ ವ್ಯತ್ಯಾಸ ಸರಿಯಾಗಿ 27,000. 41,000 ಕೊಟ್ಟು 14,000 ಎಂದು ಅಂಕಿ ತಿರುವುಮುರುವು ಮಾಡಿದ್ದರೂ ಅಷ್ಟೇ, 52,000 ಮತ್ತು 25,000 ಆದರೂ ಅಷ್ಟೇ. ಆದ್ದರಿಂದ ಆ ದಿನದ ವೋಚರುಗಳನ್ನು, ಅಂದರೆ ಹಣ ಕೊಟ್ಟ, ಪಡೆದ ಚೀಟಿಗಳನ್ನು ತೆಗೆದು, ಒಂದೊಂದನ್ನೂ ಪರದೆಯ ಮೇಲಿನ ಎಂಟ್ರಿಯ ಪಕ್ಕ ಇಟ್ಟು ಟಿಕ್ ಹಾಕುತ್ತಾ ಹೋಗಬೇಕು. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಬರೆದವರೇ ಮತ್ತೆ ಓದಿದರೆ ಕಣ್ಣು ಅದೇ ತಪ್ಪನ್ನು ಸರಿ ಎಂದು ದಾಟಿಹೋಗುತ್ತದೆ.

ಕೊರತೆ 30,000 ಆಗಿದ್ದರೆ ಹುಡುಕುವ ದಾರಿ ಬೇರೆ. ನೂರು ನೋಟಿನ ಕಟ್ಟಿನಲ್ಲಿ ಐನೂರರದ್ದು 50,000, ಇನ್ನೂರರದ್ದು 20,000. ಅವಸರದಲ್ಲಿ ಇನ್ನೂರರ ಕಟ್ಟಿನ ಬದಲು ಐನೂರರ ಕಟ್ಟು ಹೋಗಿದೆ ಎಂದೇ ಮೊದಲು ಸಂಶಯಪಡಬೇಕು. ಆಗ ವೋಚರಿನಲ್ಲಿ ಏನೂ ಸಿಗುವುದಿಲ್ಲ. ಯಾವ ಮುಖಬೆಲೆಯ ಕಟ್ಟು ಎಷ್ಟು ಉಳಿಯಬೇಕಿತ್ತು ಎಂದು ಎಣಿಸಿ, ಆಮೇಲೆ ಸಿಸಿಟಿವಿ ನೋಡಿ, ಗ್ರಾಹಕರಿಗೆ ಫೋನ್ ಮಾಡಬೇಕು. ಎಷ್ಟು ಕಡಿಮೆ ಬಂತು ಎಂಬುದರಲ್ಲೇ ಹೇಗೆ ಕಡಿಮೆ ಬಂತು ಎಂಬ ಸುಳಿವು ಇರುತ್ತದೆ. ಕಾದಂಬರಿಕಾರರು ಆ ಅಂಕಿಯನ್ನು ಸುಮ್ಮನೆ ಬಾಯಿಗೆ ಬಂದಂತೆ ಆರಿಸಿದ್ದಾರೆ.

ಮ್ಯಾನೇಜರ್ ಗುಟ್ಟಾಗಿ ಹಣ ತುಂಬಿದ್ದನ್ನು ತ್ಯಾಗ ಎಂದು ಬರೆದಿರುವುದಂತೂ ಒಪ್ಪುವ ಮಾತಲ್ಲ. ಕೊರತೆ ಕಂಡ ದಿನವೇ ಅದನ್ನು ಲೆಕ್ಕಕ್ಕೆ ತಂದು ಮೇಲಿನವರಿಗೆ ತಿಳಿಸಬೇಕು. ಗುಟ್ಟಾಗಿ ತುಂಬಿಟ್ಟರೆ, ನಾಳೆ ನಿಜವಾದ ತಪ್ಪು ಸಿಕ್ಕಿ ಎಂಟ್ರಿ ತಿದ್ದಿದಾಗ ಅದೇ ಪೆಟ್ಟಿಗೆಯಲ್ಲಿ 27,000 ಹೆಚ್ಚಿಗೆ ಬಂದು ಕೂರುತ್ತದೆ. ಆಗ ವಿವರಣೆ ಕೊಡಬೇಕಾದವರು ಇಬ್ಬರೂ, ಅನುಮಾನ ಮೊದಲು ಬೀಳುವುದು ಕ್ಯಾಶಿಯರ್ ಮೇಲೆ. ಪ್ರೀತಿಸುವ ಮನುಷ್ಯ ಅವಳನ್ನು ಆ ಸ್ಥಿತಿಗೆ ತರುವುದಿಲ್ಲ. ಏಳೂವರೆಯವರೆಗೆ ಕೂತು ಅವಳ ಜೊತೆ ವೋಚರ್ ಓದುತ್ತಾನೆ. "ಇಲ್ಲಿ ನೋಡ್ರಿ, ಮೂರು ಸಾವಿರ ಅಂತ ಬಿದ್ದೈತಿ" ಎಂದು ಸೊನ್ನೆ ಸಿಕ್ಕ ಗಳಿಗೆಯಲ್ಲಿ ಇಬ್ಬರ ಮುಖದಲ್ಲಿ ಮೂಡುವ ನಿರಾಳವನ್ನು ಯಾರಾದರೂ ಬರೆಯಬೇಕಿತ್ತು.

ಊರಿನ ಮಟ್ಟಿಗೆ ಹೆಚ್ಚು ಹೇಳುವುದಿಲ್ಲ. ಬೆಣ್ಣೆದೋಸೆ ಮತ್ತು ಗಾಜಿನ ಮನೆ ಬಿಟ್ಟರೆ ಇದು ದಾವಣಗೆರೆ ಎನ್ನಲು ಗುರುತೇ ಇಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಕಾದಂಬರಿಯಲ್ಲಿ ವರ್ಷವರ್ಷವೂ ನಡೆಯುತ್ತದೆ. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಇಲ್ಲಿ ಎರಡನೇ ಶನಿವಾರ ಕೌಂಟರ್ ತುಂಬಿರುತ್ತದೆ. ಮೆಕ್ಕೆಜೋಳ ಮಾರಿ ಬಂದ ರೈತ ಒಬ್ಬನೂ ಇಲ್ಲ, ಸಂಘದ ಪುಸ್ತಕ ಹಿಡಿದು ಬರುವ ಹೆಣ್ಣುಮಕ್ಕಳಿಲ್ಲ, "ಪಾಸ್‌ಬುಕ್ಕಿಗೆ ಎಂಟ್ರಿ ಹಾಕ್ಕೊಡ್ರಿ ಮೇಡಂ" ಎಂಬ ಒಂದು ದನಿಯೂ ಇಲ್ಲ.

ವರ್ಗಾವಣೆಯ ವಿಷಯ. ನಾಯಕ ಒಂದು ಫೋನ್ ಮಾಡಿ ಅವಳನ್ನು ತನ್ನ ಶಾಖೆಗೆ ಹಾಕಿಸಿಕೊಳ್ಳುತ್ತಾನೆ, ಮದುವೆಯಾದ ಮೇಲೂ ಇಬ್ಬರೂ ಅಲ್ಲೇ ಎದುರುಬದುರು ಕೂರುತ್ತಾರೆ. ಒಬ್ಬರು ಹಾಕಿದ ಎಂಟ್ರಿಯನ್ನು ಇನ್ನೊಬ್ಬರು ಪಾಸ್ ಮಾಡುವ ವ್ಯವಸ್ಥೆಯಲ್ಲಿ, ಅದರಲ್ಲೂ ಎರಡೂ ಕೀಲಿಕೈ ಒಂದೇ ಮನೆಗೆ ಹೋಗುವಂತೆ, ಗಂಡಹೆಂಡತಿಯನ್ನು ಬಿಡುವುದಿಲ್ಲ. ಅಂದರೆ ಈ ಪ್ರೀತಿ ಗೆದ್ದರೆ ಮೊದಲು ತಪ್ಪಿಹೋಗುವುದು ಇಬ್ಬರೂ ಸೇರಿ ಬಾಗಿಲು ತೆರೆಯುತ್ತಿದ್ದ ಆ ಬೆಳಗು! ಇನ್ನೊಂದು ಉಂಟು. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಮುನ್ಸೂಚನೆ ಕೊಡದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಒಂದು ಬೆಳಿಗ್ಗೆ ಅವನು ಬಾಗಿಲಿಗೆ ಬಂದರೆ ಇನ್ನೊಂದು ಕೀಲಿಕೈ ಬೇರೆಯವರ ಕೈಯಲ್ಲಿರುತ್ತದೆ. ಖಳನಾಯಕನನ್ನು ತರದೆಯೇ ವಿರಹ ಸಿಗುತ್ತಿತ್ತು.

ಇಷ್ಟನ್ನೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಪ್ರೀತಿ ಶುರುವಾಗುವ ಬಗೆ. ಅವಳು ಬೇಡ ಎಂದ ಮೇಲೆ ಮ್ಯಾನೇಜರ್ ಅವಳ ರಜೆ ಅರ್ಜಿ ತಡೆಹಿಡಿಯುತ್ತಾನೆ, ತನ್ನ ಕ್ಯಾಬಿನ್ ಗಾಜಿನ ಎದುರಿಗೇ ಅವಳ ಕೌಂಟರ್ ಬದಲಿಸುತ್ತಾನೆ, ರಾತ್ರಿ ಹತ್ತಕ್ಕೆ ಕೆಲಸದ ನೆಪ ಹೇಳಿ ಫೋನ್ ಮಾಡುತ್ತಾನೆ, ಪ್ರಮೋಷನ್ ನನ್ನ ಕೈಯಲ್ಲಿದೆ ಎನ್ನುತ್ತಾನೆ. ಲೇಖಕರು ಇದನ್ನು ಹಟಮಾರಿ ಪ್ರೀತಿ ಎಂದು ಕರೆದಿದ್ದಾರೆ. 2013ರ ಕಾಯ್ದೆ ಇದನ್ನು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ಎನ್ನುತ್ತದೆ. ಬೇಡವೆಂದವಳ ಬೆನ್ನು ಬಿದ್ದು, ನೌಕರಿಯಲ್ಲಿ ಅನುಕೂಲದ ಆಸೆ ತೋರಿಸುವುದು, ತೊಂದರೆಯ ಬೆದರಿಕೆ ಹಾಕುವುದು ಎರಡೂ ಅದರೊಳಗೆ ಬರುತ್ತವೆ. ಬಾಯಿಬಿಟ್ಟು ಹೇಳದೆ ಸೂಚನೆಯಲ್ಲಿ ಮಾಡಿದರೂ ಬರುತ್ತವೆ.

ದೂರು ಕೊಡು ಎನ್ನುವ ಒಬ್ಬ ಗೆಳತಿ ಕಾದಂಬರಿಯಲ್ಲಿದ್ದಾಳೆ. ಅವಳನ್ನು ಹೊಟ್ಟೆಕಿಚ್ಚಿನವಳನ್ನಾಗಿ ಮಾಡಿದ್ದಾರೆ. ದೂರು ಹೋಗುವುದೂ ಅದೇ ಮ್ಯಾನೇಜರ್ ಟೇಬಲ್ಲಿಗೆ, ಅವನೇ ನಕ್ಕು ಹರಿದುಹಾಕುತ್ತಾನೆ. ದೂರು ಹೋಗಬೇಕಾದದ್ದು ಆಂತರಿಕ ಸಮಿತಿಗೆ. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಅದು ಇರಲೇಬೇಕು. ಅಧ್ಯಕ್ಷರು ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಒಬ್ಬರು ಹೊರಗಿನವರು. ಶಾಖೆಯಲ್ಲಿ ಏಳೆಂಟು ಜನರೇ ಇದ್ದರೂ ಬ್ಯಾಂಕಿನ ಆಡಳಿತ ಕಚೇರಿಯ ಸಮಿತಿಗೆ ಬರೆಯಬಹುದು. ಸಮಿತಿಯೇ ಇಲ್ಲದ ಸಣ್ಣ ಅಂಗಡಿ, ಕಚೇರಿಗಳ ಹೆಣ್ಣುಮಕ್ಕಳಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ಕಾರಣ ಸರಿಯಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರವರೆಗೆ ವರ್ಗಾವಣೆಯನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಅವಳು ಕೇಳಬಹುದು. ತಾರೀಖು ಹಾಕಿ ಬರೆದಿಟ್ಟ ಟಿಪ್ಪಣಿ, ಫೋನ್ ಬಂದ ಹೊತ್ತು, ತಿರಸ್ಕರಿಸಿದ ರಜೆ ಅರ್ಜಿಯ ಪ್ರತಿ, ಇವೆಲ್ಲ ವಿಚಾರಣೆಯಲ್ಲಿ ಕೆಲಸಕ್ಕೆ ಬರುತ್ತವೆ.

ಈ ಪುಸ್ತಕವನ್ನು ಹೆಚ್ಚಾಗಿ ಓದುತ್ತಿರುವವರು ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯರು. ಎರಡನೇ ಮುದ್ರಣ ಬರುವುದಾದರೆ ಲೇಖಕರು ಉಳಿದದ್ದನ್ನು ತಿದ್ದದಿದ್ದರೂ ಆ ಗೆಳತಿಯ ಪಾತ್ರವನ್ನು ತಿದ್ದಲಿ. ಅವಳ ಬಾಯಲ್ಲಿ ಆ ಮೂರು ತಿಂಗಳ ಗಡುವನ್ನಾದರೂ ಹೇಳಿಸಲಿ.

ಇತಿ,
ಬ್ಯಾಂಕ್ ಕೆಲಸ ಬಲ್ಲ ಕೆಲವು ಓದುಗರು,
ವಿದ್ಯಾನಗರ, ದಾವಣಗೆರೆ