ಹಿಂದಿನ ಹೆಲಿಕಾಪ್ಟರಿನಲ್ಲಿ ಕುಳಿತವರು

ಪ್ರಿಯ ಮಿತ್ರರೆ,

ನಮಸ್ಕಾರ. ಅಮೆರಿಕದ ಟಿವಿ ನಿರೂಪಕ ಬ್ರಯಾನ್ ವಿಲಿಯಮ್ಸ್ ಅವರ ಪ್ರಕರಣದ ಬಗ್ಗೆ ನೀವು ಕೇಳಿರುವ ಪ್ರಶ್ನೆ ನೇರವಾಗಿದೆ. ಆತ ಇರಾಕಿಗೆ ಹೋಗಿದ್ದು ನಿಜ, ಸೇನಾ ಹೆಲಿಕಾಪ್ಟರಿನಲ್ಲಿ ಹಾರಿದ್ದು ನಿಜ, ಮರುಭೂಮಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೂ ನಿಜ; ಇಷ್ಟೆಲ್ಲ ನಿಜವಿರುವಾಗ ಒಂದಿಷ್ಟು ಉಪ್ಪುಖಾರ ಹಚ್ಚಿ ಹೇಳಿದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆ ಬೇಕಿತ್ತೇ ಎಂದು ಕೇಳಿದ್ದೀರಿ. ಬೇಕಿತ್ತು ಎಂದೇ ನನ್ನ ಅಭಿಪ್ರಾಯ.

2003ರ ಮಾರ್ಚ್ 24ರಂದು, ಇರಾಕಿನ ಮೇಲೆ ಅಮೆರಿಕದ ದಾಳಿ ಆರಂಭವಾದ ಕೆಲವೇ ದಿನಗಳಲ್ಲಿ, ಎನ್‌ಬಿಸಿ ವಾಹಿನಿಯ ವಿಲಿಯಮ್ಸ್ ಚಿನೂಕ್ ಹೆಲಿಕಾಪ್ಟರೊಂದರಲ್ಲಿ ಪ್ರಯಾಣ ಮಾಡುತ್ತಿದ್ದರು. ಅವರಿಗಿಂತ ಬಹಳ ಮುಂದೆ ಹೋಗಿದ್ದ ಇನ್ನೊಂದು ಚಿನೂಕ್‌ಗೆ ನೆಲದಿಂದ ಹಾರಿಸಿದ ರಾಕೆಟ್ ಚಾಲಿತ ಗ್ರೆನೇಡ್ ಬಡಿಯಿತು. ವಿಲಿಯಮ್ಸ್ ಇದ್ದ ಹೆಲಿಕಾಪ್ಟರ್ ಆಮೇಲೆ ಬಂದು, ಪೆಟ್ಟು ತಿಂದು ಇಳಿದಿದ್ದ ಹೆಲಿಕಾಪ್ಟರಿನ ಸಮೀಪ ಇಳಿಯಿತು. ಮರಳುಗಾಳಿ ಎದ್ದದ್ದರಿಂದ ಎಲ್ಲರೂ ಅಲ್ಲೇ ಉಳಿಯಬೇಕಾಯಿತು. ಆಗ ಪ್ರಸಾರವಾದ ಅವರದೇ ವರದಿಯಲ್ಲಿ ಏಟು ಬಿದ್ದದ್ದು ಮುಂದಿದ್ದ ಹೆಲಿಕಾಪ್ಟರಿಗೆ ಎಂಬುದು ಸ್ಪಷ್ಟವಾಗಿಯೇ ಇತ್ತು. ಆದರೆ ಹತ್ತು ವರ್ಷ ಕಳೆದು, 2013ರಲ್ಲಿ ಡೇವಿಡ್ ಲೆಟರ್‌ಮನ್ ಅವರ ತಡರಾತ್ರಿಯ ಕಾರ್ಯಕ್ರಮದಲ್ಲಿ ಕುಳಿತು ಹೇಳುವಾಗ, ಏಟು ತಿಂದ ಹೆಲಿಕಾಪ್ಟರುಗಳಲ್ಲಿ ಅವರದ್ದೂ ಸೇರಿಕೊಂಡಿತ್ತು. 2015ರ ಜನವರಿ 30ರಂದು ಅದೇ ಮಾತನ್ನು ತಮ್ಮ ರಾತ್ರಿಯ ವಾರ್ತೆಯಲ್ಲೂ ಆಡಿದರು. ಏಟು ತಿಂದ ಹೆಲಿಕಾಪ್ಟರಿನಲ್ಲಿ ನಿಜವಾಗಿಯೂ ಇದ್ದ ಸೈನಿಕರು ಫೇಸ್‌ಬುಕ್‌ನಲ್ಲಿ, ನೀವು ನಮ್ಮ ಜೊತೆ ಇದ್ದದ್ದು ನಮಗೆ ನೆನಪಿಲ್ಲವಲ್ಲ ಎಂದು ಬರೆದರು. ಸೇನೆಯವರು ಓದುವ ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಪತ್ರಿಕೆ ಅದನ್ನು ಸುದ್ದಿ ಮಾಡಿತು. ಫೆಬ್ರವರಿ 4ರಂದು ಅವರು ಕ್ಷಮೆ ಕೇಳಿದರು. 10ರಂದು ಎನ್‌ಬಿಸಿ ಅವರನ್ನು ಆರು ತಿಂಗಳು ಸಂಬಳವಿಲ್ಲದೆ ಅಮಾನತು ಮಾಡಿತು. ಆ ಕುರ್ಚಿಗೆ ಅವರು ಮರಳಲೇ ಇಲ್ಲ, ಲೆಸ್ಟರ್ ಹೋಲ್ಟ್ ಬಂದರು.

ಕ್ಷಮೆ ಕೇಳುವಾಗಲೂ ತಾವು ಹಿಂದೆಯೇ ಬರುತ್ತಿದ್ದ ಹೆಲಿಕಾಪ್ಟರಿನಲ್ಲಿದ್ದುದಾಗಿ ಹೇಳಿದರು. ಅದಕ್ಕೂ ಸೈನಿಕರು ಒಪ್ಪಲಿಲ್ಲ. ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಅಂತರವಿತ್ತೆಂಬುದು ಅವರ ವಾದ. ತಪ್ಪೊಪ್ಪಿಗೆಯಲ್ಲೂ ಅಪಾಯದ ಹತ್ತಿರಕ್ಕೆ ಒಂದು ಹೆಜ್ಜೆ ಸರಿದು ನಿಲ್ಲುವ ಈ ಚಪಲವೇ ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ವಿಷಾದದ ಸಂಗತಿಯಾಗಿ ಕಂಡಿದೆ.

2015ರ ಜೂನ್‌ನಲ್ಲಿ ಎನ್‌ಬಿಸಿ ಸಂಸ್ಥೆ ತನ್ನ ಆಂತರಿಕ ಪರಿಶೀಲನೆಯ ಸಾರವನ್ನು ಪ್ರಕಟಿಸಿದಾಗ ಒಂದು ಮಾತು ಹೇಳಿತು, ಅದನ್ನು ನೀವು ಗಮನಿಸಬೇಕು. ವಿಲಿಯಮ್ಸ್ ಅವರ ತಪ್ಪು ಹೇಳಿಕೆಗಳು ಬಹುಮಟ್ಟಿಗೆ ವಾರ್ತಾ ಪ್ರಸಾರದಲ್ಲಿ ಬಂದವಲ್ಲ, ಘಟನೆ ನಡೆದ ಕೂಡಲೇ ಬಂದವೂ ಅಲ್ಲ. ತಡರಾತ್ರಿಯ ಹರಟೆ ಕಾರ್ಯಕ್ರಮಗಳಲ್ಲಿ, ಸಾರ್ವಜನಿಕ ಸಭೆಗಳಲ್ಲಿ, ಘಟನೆಯಾಗಿ ವರ್ಷಗಳು ಕಳೆದ ಮೇಲೆ ಬಂದವು. ಯುದ್ಧದ ವರದಿಗಾರ ಯುದ್ಧಭೂಮಿಯಲ್ಲಿ ಕೆಡುವುದು ಕಡಿಮೆ. ಅಲ್ಲಿ ಪಕ್ಕದಲ್ಲಿ ಕ್ಯಾಮೆರಾದವನಿರುತ್ತಾನೆ, ಇತರ ಪತ್ರಿಕೆಗಳವರಿರುತ್ತಾರೆ, ಡೆಸ್ಕಿನಲ್ಲಿ ಕುಳಿತವರು ಊರಿನ ಹೆಸರು, ಸಮಯ, ಯಾರು ಹೇಳಿದರು ಎಂದೆಲ್ಲ ಕೇಳುತ್ತಾರೆ. ಊರಿಗೆ ಮರಳಿ, ಹೂವಿನ ಹಾರ ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಕೇಳುವ ಸಭೆಯ ಮುಂದೆ ನಿಂತಾಗ ಹಾಗೆ ಕೇಳುವವರು ಯಾರೂ ಇರುವುದಿಲ್ಲ. ಸಭೆಗೆ ಬೇಕಾದದ್ದು ಒಂದು ಕಥೆ. ಮುಂದಿನ ಹೆಲಿಕಾಪ್ಟರಿನ ಕಥೆಗಿಂತ ನಮ್ಮದೇ ಹೆಲಿಕಾಪ್ಟರಿನ ಕಥೆಗೆ ಚಪ್ಪಾಳೆ ಹೆಚ್ಚು.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಮುನ್ನುಡಿಗಾಗಿ ನೀವು ಕಳಿಸಿರುವ ನಿಮ್ಮ ಪುಸ್ತಕದ ಹಸ್ತಪ್ರತಿಯ ಮೂರನೆಯ ಅಧ್ಯಾಯ. 2025ರ ಮೇ ತಿಂಗಳಲ್ಲಿ ನೀವು ಜಮ್ಮು-ಕಾಶ್ಮೀರದ ಗಡಿ ಊರಾದ ಪೂಂಚ್‌ನಿಂದ ಕಳಿಸಿದ್ದ ವರದಿಯನ್ನು ನಾನು ಆಗಲೇ ಓದಿದ್ದೆ, ಈಗ ಮತ್ತೊಮ್ಮೆ ಹುಡುಕಿ ಓದಿದೆ. ಭಾರತ-ಪಾಕಿಸ್ತಾನಗಳ ನಡುವಿನ ಮೇ 10ರ ಕದನ ವಿರಾಮದ ನಂತರ ನೀವು ಅಲ್ಲಿಗೆ ಹೋದಿರಿ. ಶೆಲ್‌ನ ಚೂರುಗಳು ಅಂಗಡಿಯ ಕಬ್ಬಿಣದ ಶಟರಿನಲ್ಲಿ ಕೊರೆದ ತೂತುಗಳನ್ನು, ಅವುಗಳ ಮೂಲಕ ಒಳಗಿನ ಕತ್ತಲಲ್ಲಿ ಬಿದ್ದಿದ್ದ ಬಿಸಿಲಿನ ಚುಕ್ಕೆಗಳನ್ನು ವರ್ಣಿಸಿದಿರಿ. ಶೆಲ್ ದಾಳಿಯ ರಾತ್ರಿ ಮಕ್ಕಳನ್ನು ದನದ ಕೊಟ್ಟಿಗೆಯಲ್ಲಿ ಅವಿತಿರಿಸಿದ ಹೆಂಗಸೊಬ್ಬಳ ಮಾತನ್ನು ಅವಳದೇ ಬಾಯಿಂದ ಹೇಳಿಸಿದಿರಿ. ಒಳ್ಳೆಯ ವರದಿ ಅದು. ಹಸ್ತಪ್ರತಿಯಲ್ಲಾದರೋ ಆ ಹೆಂಗಸು ಒಂದೇ ವಾಕ್ಯಕ್ಕೆ ಇಳಿದಿದ್ದಾಳೆ, ಶೆಲ್ ಮಾತ್ರ ನಿಮ್ಮಿಂದ ಕೂಗಳತೆಯ ದೂರದಲ್ಲಿ ಬೀಳುತ್ತದೆ. ನೀವು ಬೇಕೆಂದೇ ಸುಳ್ಳು ಬರೆದಿರಿ ಎಂದು ನಾನು ಭಾವಿಸುವುದಿಲ್ಲ. ಹಲವು ವೇದಿಕೆಗಳಲ್ಲಿ ಹೇಳಿ ಹೇಳಿ ಅವಳ ರಾತ್ರಿ ನಿಮ್ಮದಾಗಿರಬೇಕು.

ನೆನಪು ಹೀಗೆ ಆಡಿಸುವುದು ಉಂಟು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ, ಮನಃಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಗೆ ಆ ಸುದ್ದಿಯನ್ನು ಎಲ್ಲಿ, ಹೇಗೆ ಕೇಳಿದಿರೆಂದು ಬರೆದುಕೊಡಲು ಹೇಳಿದರು. ಎರಡೂವರೆ ವರ್ಷಗಳ ನಂತರ ಅವರನ್ನೇ ಮತ್ತೆ ಕೇಳಿದಾಗ ಹಲವರ ಉತ್ತರ ಪೂರ್ತಿ ಬದಲಾಗಿತ್ತು, ಆದರೆ ಹೇಳುವ ದೃಢತೆ ಕುಂದಿರಲಿಲ್ಲ. ಅವರದೇ ಕೈಬರಹವನ್ನು ತೋರಿಸಿದರೂ ಮೊದಲಿನ ನೆನಪು ಮರಳಲಿಲ್ಲ. ವಿಲಿಯಮ್ಸ್ ಪರವಾಗಿ ವಾದಿಸಿದವರು ಇಂಥ ಸಂಶೋಧನೆಗಳನ್ನೇ ಮುಂದಿಟ್ಟರು. ವಾದ ತೀರ ಪೊಳ್ಳಲ್ಲ, ಒಪ್ಪುತ್ತೇನೆ. ಆದರೆ ಆ ವಿದ್ಯಾರ್ಥಿಗಳಿಗೆ ಇಲ್ಲದ ಒಂದು ಹೊಣೆ ಪತ್ರಕರ್ತನಿಗಿದೆ. ತನ್ನ ನೆನಪನ್ನು ನಂಬಿ ಜನ ತೀರ್ಮಾನಕ್ಕೆ ಬರಲಿ ಎಂದು ಕೇಳಿಕೊಳ್ಳುವುದೇ ಅವನ ಕಸುಬು, ಅದಕ್ಕಾಗಿಯೇ ಅವನು ನೋಟ್‌ಬುಕ್ ಇಟ್ಟುಕೊಳ್ಳುತ್ತಾನೆ. ವಿಲಿಯಮ್ಸ್ ತಮ್ಮ 2003ರ ವರದಿಯ ಟೇಪನ್ನು ತರಿಸಿ ನೋಡಬಹುದಿತ್ತು. ನಿಮ್ಮ ವರದಿಯೂ ಹಾಗೆಯೇ ಕೈಗೆಟುಕುವಂತೆ ಇದೆ.

ನಷ್ಟ ಯಾರಿಗೆ ಎಂದು ಕೇಳಬಹುದು. ಆ ಹೆಲಿಕಾಪ್ಟರಿನ ಸಿಬ್ಬಂದಿ ಸಿಟ್ಟಾದದ್ದು ಪತ್ರಿಕಾಧರ್ಮದ ಪಾಠ ಹೇಳಲಿಕ್ಕಲ್ಲ. ತಾವು ಪಟ್ಟ ಜೀವಭಯವನ್ನು ಇನ್ನೊಬ್ಬರು ತಮ್ಮ ಹೆಸರಿಗೆ ಬರೆಸಿಕೊಂಡಿದ್ದಕ್ಕೆ. ಕೊಟ್ಟಿಗೆಯ ಆ ತಾಯಿ ಕನ್ನಡ ಓದುವವಳಲ್ಲವಾದ್ದರಿಂದ ನಿಮ್ಮನ್ನು ಕೇಳಲು ಬರಲಾರಳು, ಅಷ್ಟೇ ವ್ಯತ್ಯಾಸ.

ಎಲ್ಲರಿಗೂ ಶಿಕ್ಷೆಯಾಗುತ್ತದೆಂದು ಹೆದರಿಸುವ ಉದ್ದೇಶ ನನಗಿಲ್ಲ, ಏಕೆಂದರೆ ಅದು ಸುಳ್ಳು. ಅದೇ 2015ರ ಫೆಬ್ರವರಿಯಲ್ಲಿ ಫಾಕ್ಸ್ ನ್ಯೂಸ್ ವಾಹಿನಿಯ ನಿರೂಪಕ ಬಿಲ್ ಓರೈಲಿ ಮೇಲೂ ಇಂಥದೇ ಆಕ್ಷೇಪ ಬಂತು. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲೆಂಡ್ಸ್ ದ್ವೀಪಗಳ ಯುದ್ಧದಲ್ಲಿ ರಣರಂಗ ಕಂಡವರಂತೆ ಅವರು ಮಾತನಾಡಿದ್ದರು. 1982ರಲ್ಲಿ ಅವರಿದ್ದದ್ದು ದ್ವೀಪಗಳಿಂದ ಸುಮಾರು 1,900 ಕಿಲೋಮೀಟರ್ ದೂರದ ಬ್ಯೂನಸ್ ಐರಿಸ್ ನಗರದಲ್ಲಿ, ಅರ್ಜೆಂಟೀನಾ ಶರಣಾದ ಮೇಲಿನ ಬೀದಿಗಲಭೆಯ ನಡುವೆ. ಅವರು ಕ್ಷಮೆ ಕೇಳಲಿಲ್ಲ, ಆಕ್ಷೇಪಿಸಿದವರನ್ನೇ ಬೈದರು, ಸಂಸ್ಥೆ ಬೆನ್ನಿಗೆ ನಿಂತಿತು, ಕಾರ್ಯಕ್ರಮ ನಡೆಯಿತು. ಅವರ ವೀಕ್ಷಕರು ಅವರನ್ನು ನೋಡುತ್ತಿದ್ದದ್ದು ಅಭಿಪ್ರಾಯಕ್ಕಾಗಿ; ವಿಲಿಯಮ್ಸ್ ಬಳಿ ಜನ ಬರುತ್ತಿದ್ದದ್ದು ಸುದ್ದಿಗಾಗಿ. ನೀವು ಯಾವ ಬಗೆಯ ಓದುಗರನ್ನು ಬಯಸುತ್ತೀರಿ ಎಂಬುದು ನಿಮಗೆ ಬಿಟ್ಟ ವಿಷಯ. ಮುನ್ನುಡಿಯನ್ನು ನಾನು ಬರೆಯಬೇಕಿದ್ದರೆ ಮಾತ್ರ ಮೂರನೆಯ ಅಧ್ಯಾಯವನ್ನು ವರದಿಯೊಂದಿಗೆ ತಾಳೆ ನೋಡಿ ತಿದ್ದಿ ಕಳಿಸಿ.

ಇನ್ನೊಂದು ಮಾತು. ಪುಸ್ತಕ ಬಿಡುಗಡೆಯ ದಿನ ನಿರೂಪಕರು ನಿಮ್ಮನ್ನು ಗುಂಡಿನ ಮಳೆಯಿಂದ ಬದುಕಿ ಬಂದವರೆಂದು ಪರಿಚಯಿಸುವುದು ಖಂಡಿತ. ನಮ್ಮ ಸಭೆಗಳಲ್ಲಿ ಅತಿಥಿಯನ್ನು ಹೊಗಳದೆ ಮೈಕ್ ಬಿಡುವ ರೂಢಿಯಿಲ್ಲ. ನೀವು ನಕ್ಕು ಸುಮ್ಮನಿದ್ದರೆ ಮುಂದಿನ ಊರಿನಲ್ಲಿ ಅದನ್ನು ನೀವೇ ಹೇಳುತ್ತಿರುತ್ತೀರಿ. ಮಾತಿಗೆ ನಿಂತ ಕೂಡಲೇ, ತಾವು ತಲುಪುವ ಹೊತ್ತಿಗೆ ಶೆಲ್ ದಾಳಿ ನಿಂತಿತ್ತೆಂದು ತಿಳಿಸಿ, ಆ ಹೆಂಗಸು ಹೇಳಿದ್ದನ್ನು ವರದಿಯಲ್ಲಿರುವಂತೆಯೇ ಓದಿ.

ಇಂತು,
ನಿಮ್ಮ ಹಿತೈಷಿ