ರಾಕ್ ಶೋ ನಡೆಯಲಿ, ಗೇಟಿನಲ್ಲಿ ಇಯರ್ ಪ್ಲಗ್ ಸಿಗಲಿ

ಮಾನ್ಯ ಸಂಪಾದಕರೇ,

ಮಲ್ಪೆ ಬೀಚಿನಲ್ಲಿ ನಡೆದ ರಾಕ್ ಸಂಗೀತದ ಶಬ್ದದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಬಂದ ಪತ್ರ ಓದಿದೆ. ಇಂಥದ್ದಕ್ಕೆ ಇನ್ನು ಮುಂದೆ ಅನುಮತಿಯೇ ಕೊಡಬಾರದು ಎಂದು ಬರೆದಿದ್ದಾರೆ. ಅವರ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರಂತೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಸಂಜೆ ನಾನೂ ಅಲ್ಲಿದ್ದೆ, ಗೆಳೆಯನ ಜೊತೆ ಹಾಡು ಕೇಳಲು ಹೋಗಿದ್ದೆ. ನಾನು ಕಂಡದ್ದನ್ನೂ ಹೇಳಬೇಕು ಅನಿಸಿತು.

ನಾನು ಉಡುಪಿಯಲ್ಲಿ ಹದಿನಾಲ್ಕು ವರ್ಷ ಸೌಂಡ್ಸ್‌ನವರ ಜೊತೆ ಕೆಲಸ ಮಾಡಿದವನು. ಮದುವೆ, ಕೋಲ, ಬಯಲಾಟ, ಶಾಲೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ಸ್ಪೀಕರ್ ಬಾಕ್ಸ್ ಹೊತ್ತಿದ್ದೇನೆ, ವಯರ್ ಎಳೆದಿದ್ದೇನೆ, ಬೆಳಗಿನ ತನಕ ಮಿಕ್ಸರ್ ಮುಂದೆ ಕೂತಿದ್ದೇನೆ. ಗೆಳೆಯ ಮಲ್ಪೆಯವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ದುಡಿದ. ಒಮ್ಮೆ ಹೋದರೆ ಹತ್ತು ದಿನ. ಹಗಲೂ ರಾತ್ರಿಯೂ ಡೀಸೆಲ್ ಇಂಜಿನ್ ಬಡಿಯುತ್ತಲೇ ಇರುತ್ತದೆ. ಉಣ್ಣುವುದು, ಮಲಗುವುದು ಎಲ್ಲ ಆ ಸದ್ದಿನ ನಡುವೆಯೇ. ಈಗ ಅವನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಕೇಳುತ್ತದೆ. ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತಾನೆ. "ಕೆಬಿ ಕೇಣುಜಿ ಮಾರಾಯಾ" (ಕಿವಿ ಕೇಳುವುದಿಲ್ಲ ಮಾರಾಯಾ) ಎಂದು ತುಳುವಿನಲ್ಲಿ ಹೇಳಿ ಸುಮ್ಮನಾಗುತ್ತಾನೆ. ಮೊಮ್ಮಗಳು ಫೋನಿನಲ್ಲಿ ಮಾತಾಡಿದರೆ ಮಾತ್ರ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಹೋಗುತ್ತಾನೆ. ಮಕ್ಕಳ ತೆಳು ಸ್ವರ ಅವನಿಗೆ ಸಿಗುವುದಿಲ್ಲ. ಗಟ್ಟಿ ಶಬ್ದದಿಂದ ಕಿವಿ ಕೆಟ್ಟವರಿಗೆ ಮೊದಲು ಕಳೆದುಹೋಗುವುದು ಇಂಥ ಸ್ವರಗಳೇ.

ನಮ್ಮ ರಾಕ್ ಹುಚ್ಚು ಹಳೆಯದು. ಅವನ ಮಾವ ಗಲ್ಫಿನಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಶುರುವಾದದ್ದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಐರನ್ ಮೇಡನ್ ಬಂದಾಗ ರಾತ್ರಿ ಬಸ್ಸು ಹಿಡಿದು ಶಿರಾಡಿ ಘಾಟಿ ಹತ್ತಿ ಹೋಗಿದ್ದೆವು. ಮೂವತ್ತು ದಾಟಿದ್ದರೂ ಹುಡುಗರ ಹಾಗೆ ನುಗ್ಗಿ, ನಾವಾಗಿಯೇ ಸ್ಪೀಕರ್ ಪಕ್ಕ ಹೋಗಿ ನಿಂತೆವು. ಊರಿಗೆ ಬಂದ ಮೇಲೂ ಮೂರು ದಿನ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಗುಂಯ್ ಅನ್ನುತ್ತಿತ್ತು. ಒಳ್ಳೆಯ ಶೋ ನೋಡಿದರೆ ಹಾಗೆಯೇ ಆಗುವುದು ಎಂದುಕೊಂಡೆವು. ಒಳಕಿವಿಗೆ ಪೆಟ್ಟಾದಾಗ ಹಾಗೆ ಗುಂಯ್‌ಗುಡುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಸೌಂಡ್ಸ್ ಕೆಲಸದವನಾದ ನನಗೂ ಗೊತ್ತಿರಲಿಲ್ಲ. ಒಳಕಿವಿಯಲ್ಲಿ ಶಬ್ದ ಹಿಡಿಯುವ ಕೂದಲಿನಂಥ ಜೀವಕೋಶಗಳಿವೆ. ಒಂದು ಕಿವಿಗೆ ಸುಮಾರು 15,000. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ.

ಮಲ್ಪೆಗೆ ಬಂದದ್ದು ಬೆಂಗಳೂರಿನ ಹುಡುಗರ ಬ್ಯಾಂಡ್. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್. ಸೇಂಟ್ ಮೇರೀಸ್ ದ್ವೀಪದ ಕಡೆ ಸೂರ್ಯ ಇಳಿಯುವಾಗ ಮೊದಲ ಹಾಡು ಶುರುವಾಯಿತು. ಗೆಳೆಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಏನೆಂದು ಕೇಳಿದರೆ ಕೆಳಗೆ ತೋರಿಸಿದ. ಡ್ರಮ್ಮಿನ ಪೆಟ್ಟು ಹೊಯಿಗೆಯಲ್ಲಿ ಬಂದು ಅಂಗಾಲಿಗೆ ತಾಗುತ್ತಿತ್ತು. "ಕಾಲಿಗೆ ಕೇಳ್ತದೆ ಮಾರಾಯಾ" ಅಂದ. ಆಮೇಲೆ ಒಂದು ಗಂಟೆ ಹೊತ್ತು ಅವನು ನನ್ನ ಕಡೆ ತಿರುಗಲೇ ಇಲ್ಲ. ಕಣ್ಣು ಮುಚ್ಚಿ ತಲೆ ಆಡಿಸುತ್ತಾ ನಿಂತಿದ್ದ. ಅವನ ಮುಖದಲ್ಲಿ ಅಂಥ ಸಂತೋಷ ನೋಡಿ ಎಷ್ಟೋ ವರ್ಷ ಆಗಿತ್ತು. ನಿಷೇಧ ಮಾಡಿ ಎಂದು ಬರೆದವರಿಗೆ ನಾನು ಮೊದಲು ಹೇಳಬೇಕಾದದ್ದು ಇದನ್ನೇ.

ಅದೇ ಸಂಜೆಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ವೇದಿಕೆಯ ಎಡಗಡೆ, ಬೇಸ್ ಬಾಕ್ಸ್ ಪೇರಿಸಿದ್ದಲ್ಲಿ, ಒಬ್ಬರು ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಆರೇಳು ವರ್ಷದ ಮಗು. ಅದು ಎರಡೂ ಕೈಯಿಂದ ಕಿವಿ ಒತ್ತಿಕೊಂಡಿತ್ತು. ತಂದೆಗೆ ಅದು ಕಾಣುತ್ತಿರಲಿಲ್ಲ. ಗೆಳೆಯ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವರ ತೋಳು ಮುಟ್ಟಿದ. ಆ ಸದ್ದಿನಲ್ಲಿ ಮಾತು ಸಾಧ್ಯವಿರಲಿಲ್ಲ. ಮಗುವನ್ನು ತೋರಿಸಿದ, ತನ್ನ ಕಿವಿ ತೋರಿಸಿದ, ಇಲ್ಲ ಎಂದು ಕೈ ಆಡಿಸಿದ. ಅವರು ಮೊದಲು ಸಿಟ್ಟಾದರು. ಮತ್ತೆ ಮೇಲೆ ನೋಡಿದರು. ಮಗುವನ್ನು ಇಳಿಸಿ ಎತ್ತಿಕೊಂಡು ಹಿಂದಕ್ಕೆ, ಚುರುಮುರಿಯವನ ಗಾಡಿಯ ಆಚೆಗೆ ಹೋದರು.

ಸದ್ದು ಎಷ್ಟಿದೆ ಎಂದು ನನ್ನ ಮೊಬೈಲಿನಲ್ಲಿ ಅಳೆದು ನೋಡಿದೆ. ಬಾಕ್ಸ್ ಹತ್ತಿರ 100 ಡೆಸಿಬೆಲ್ ದಾಟಿತ್ತು. ಮೊಬೈಲ್ ಮೀಟರ್ ಅಷ್ಟೇನೂ ನಿಖರವಲ್ಲ, ಆದರೂ ನನ್ನ ಕಿವಿಯ ಅನುಭವವೂ ಅದನ್ನೇ ಹೇಳುತ್ತಿತ್ತು. ಕಾರ್ಖಾನೆ ಕೆಲಸಗಾರರಿಗೆ ಹೇಳುವ ಲೆಕ್ಕ ಒಂದಿದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. ಹಾಗೆ ಏರುತ್ತಾ 100ಕ್ಕೆ ಬಂದರೆ ಉಳಿಯುವುದು 15 ನಿಮಿಷ. ಶೋ ನಡೆದದ್ದು ಎರಡೂವರೆ ಗಂಟೆ. ಮುಂದೆ ನಿಂತವರಲ್ಲಿ ಹೆಚ್ಚಿನವರು ಕಾಲೇಜು ಮಕ್ಕಳು.

ಸದ್ದು ತಡೆಯಲು ಕಿವಿಯೊಳಗೆ ಇಡುವ ಇಯರ್ ಪ್ಲಗ್ ಸಿಗುತ್ತದಾ ಎಂದು ಗೇಟಿನಲ್ಲಿದ್ದ ಹುಡುಗನ ಹತ್ತಿರ ಕೇಳಿದೆ. "ರಾಕ್ ಶೋ ಅಲ್ವಾ ಅಂಕಲ್, ಸೌಂಡ್ ಬೇಕಲ್ಲ" ಅಂದ. ಅವನ ಮೇಲೆ ನನಗೆ ಬೇಸರವಿಲ್ಲ. ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ಟೀ ಶರ್ಟ್, ಹೊಳೆಯುವ ಬಳೆ, ಐಸ್‌ಕ್ರೀಮ್ ಎಲ್ಲ ಅಲ್ಲಿ ಮಾರಾಟಕ್ಕಿತ್ತು. ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಸ್ಪಂಜಿನ ಪ್ಲಗ್ ಒಂದು ಜೊತೆ ಇರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಇಂಥ ಜಾಗಗಳಿಗೆ ಮಾದರಿ ನಿಯಮ ಹೇಳಿದೆ. ಸರಾಸರಿ 100 ಡೆಸಿಬೆಲ್ ಮೀರಬಾರದು, ಶೋ ನಡೆಯುವಾಗಲೇ ಅಳೆಯುತ್ತಿರಬೇಕು, ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಒಂದು ಜಾಗ ಇರಬೇಕು. ನಮ್ಮಲ್ಲಿ 2000ದ ಶಬ್ದ ಮಾಲಿನ್ಯ ನಿಯಮ ಇದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಅದು ಬೇಕೇ ಬೇಕು. ಆದರೆ ಅದರಲ್ಲಿ ಅಳತೆ ನಡೆಯುವುದು ಜಾಗದ ಗಡಿಯಲ್ಲಿ. ಗಡಿಯೊಳಗೆ ನಿಂತ ಆ ಮಗುವಿನ ಕಿವಿಗೆ ಅದರಿಂದ ಏನೂ ಸಿಗುವುದಿಲ್ಲ. ಹಾಗಾಗಿ ಅನುಮತಿ ಕೊಡುವವರು ವಿಶ್ವ ಆರೋಗ್ಯ ಸಂಸ್ಥೆಯ ಆ ಮಾತುಗಳನ್ನು ತಾವಾಗಿ ಷರತ್ತಿನಲ್ಲಿ ಬರೆಯಬೇಕು ಎಂದು ನನ್ನ ಬೇಡಿಕೆ.

ಪತ್ರ ಬರೆದ ಓದುಗರ ಮನೆಗೆ ಸದ್ದು ಅಷ್ಟು ಹೋಗಲು ಒಂದು ಕಾರಣ ನನಗೆ ಕಂಡಿತು. ವೇದಿಕೆ ಕಡಲಿಗೆ ಬೆನ್ನು ಹಾಕಿತ್ತು. ಫೋಟೋದಲ್ಲಿ ಹಿಂದೆ ಕಡಲು ಕಂಡರೆ ಚಂದ, ನಿಜ. ಆದರೆ ಸ್ಪೀಕರುಗಳ ಬಾಯಿ ಊರಿನ ಕಡೆಗಾಯಿತು. ಸಂಜೆ ಹೊತ್ತು ಪಡುಗಾಳಿ ಬೇರೆ, ಕಡಲಿಂದ ಮನೆಗಳ ಕಡೆಗೆ ಬೀಸುತ್ತದೆ. ಗಾಳಿ ಹೋಗುವ ದಿಕ್ಕಿಗೆ ಸದ್ದು ದೂರ ಹೋಗುತ್ತದೆ. ವೇದಿಕೆಯನ್ನು ರಸ್ತೆಯ ಬದಿಗೆ ಕಟ್ಟಿ ಪಶ್ಚಿಮಕ್ಕೆ ತಿರುಗಿಸಿದರೆ ಗಿಟಾರ್, ಹಾಡು ಎಲ್ಲ ಕಡಲ ಪಾಲು. ಬೇಸಿನ ದಪ್ಪ ಸದ್ದು ಮಾತ್ರ ಎಲ್ಲ ಕಡೆಗೂ ಹರಡುತ್ತದೆ, ಅದನ್ನು ಮಿಕ್ಸರಿನಲ್ಲೇ ಇಳಿಸಬೇಕು. ಮುಂದಿನ ಬಾಕ್ಸುಗಳಿಂದಲೇ ಕೊನೆಯವರಿಗೂ ಕೇಳಿಸಬೇಕೆಂದು ಹೊರಟಾಗ ಮುಂದೆ ನಿಂತವರ ಕಿವಿ ಹೋಗುತ್ತದೆ. ನಡುವೆ ಇನ್ನೊಂದು ಜೊತೆ ಬಾಕ್ಸ್ ನಿಲ್ಲಿಸಿದರೆ ಮುಂದಿನದ್ದನ್ನು ತಗ್ಗಿಸಬಹುದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದೆ ಬಾಕ್ಸ್ ಇಟ್ಟು, ಅದರ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಹೊರಡುವ ಹಾಗೆ ಮಾಡಿದರೆ ಎರಡರ ಸದ್ದೂ ಕೂಡಿ ಬರುತ್ತದೆ. ಈಗಿನ ಸೌಂಡ್ಸ್ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ದುಡ್ಡು ಕೊಡುವವರು ಕೇಳಬೇಕು, ಅಷ್ಟೇ.

ಮಕ್ಕಳನ್ನು ಕರೆತರುವ ತಂದೆ ತಾಯಿಯರಲ್ಲಿ ಒಂದು ವಿನಂತಿ. ಹತ್ತಿ ತುರುಕಿದರೆ ಪ್ರಯೋಜನವಿಲ್ಲ. ಸ್ಪಂಜಿನ ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗ ಎಳೆದು ಹಿಡಿದು ಒಳಗಿಡಬೇಕು. ಅದು ಉಬ್ಬುವ ತನಕ ಬೆರಳಿಂದ ಒತ್ತಿಕೊಂಡಿರಬೇಕು. ಸಣ್ಣ ಮಕ್ಕಳಿಗೆ ಪ್ಲಗ್ ಬೇಡ, ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಸಿಗುತ್ತದೆ.

ಆಯೋಜಕರ ಹೆಸರು ನಾನು ಬರೆಯುವುದಿಲ್ಲ. ಇದನ್ನು ಓದಿದರೆ ಅವರಿಗೆ ಗೊತ್ತಾಗುತ್ತದೆ. ಮುಂದಿನ ಶೋಗೆ ಗೇಟಿನ ಹತ್ತಿರ ಒಂದು ಮೇಜು, ಒಂದು ಟ್ಯೂಬ್‌ಲೈಟ್ ಕೊಟ್ಟರೆ ಮೊದಲ ಇನ್ನೂರು ಜೊತೆ ಪ್ಲಗ್ ನನ್ನ ಖರ್ಚಿನಲ್ಲಿ ತರುತ್ತೇನೆ. ಹಾಕಿಕೊಳ್ಳುವುದು ಹೇಗೆಂದು ತೋರಿಸಲು ಗೆಳೆಯ ಬರುತ್ತಾನೆ. ಈಗಾಗಲೇ ಅವನ ಹತ್ತಿರ ಕೇಳಿ ಆಗಿದೆ.

— ಹಳೆಯ ಸೌಂಡ್ಸ್ ಕೆಲಸಗಾರ, ಉಡುಪಿ